ಅಂಗಡಿಯ ಹೊಸ್ತಿಲೂ ಗಿರಾಕಿಯ ಬಂದೂಕೂ

ಪೇಟೆಯೆಂಬುದು ಮನುಷ್ಯನು ಅಪರಿಚಿತನನ್ನು ನಂಬಲು ಕಲಿತ ಮೊದಲನೆಯ ಪಾಠಶಾಲೆ. ಊರ ಸಂತೆಗೆ ಹತ್ತು ಹಳ್ಳಿಯ ಜನರು ಕೂಡುತ್ತಾರೆ. ಒಬ್ಬರ ಕುಲಗೋತ್ರಗಳು ಇನ್ನೊಬ್ಬರಿಗೆ ತಿಳಿಯವು. ಹೆಸರು ಕೇಳುವ ಅವಶ್ಯಕತೆಯೂ ಬೀಳುವದಿಲ್ಲ. ಆದರೂ ಹಣವು ಕೈಯಿಂದ ಕೈಗೆ ಹೋಗುತ್ತದೆ, ತಕ್ಕಡಿಯೊಳಗಿನ ಕಾಳು ಚೀಲಕ್ಕೆ ಬೀಳುತ್ತದೆ, ಇಬ್ಬರೂ ಸಮಾಧಾನದಿಂದ ತಮ್ಮ ತಮ್ಮ ಹಾದಿ ಹಿಡಿಯುತ್ತಾರೆ. ಬೆಲೆ ಒಪ್ಪಿದರೆ ಕೊಳ್ಳು, ಒಪ್ಪದಿದ್ದರೆ ಬಿಡು ಎಂಬ ಎರಡು ಮಾತುಗಳ ಮೇಲೆ ಲೋಕದ ವ್ಯಾಪಾರವೆಲ್ಲ ನಿಂತಿರುವದು. ಈ ಎರಡು ಮಾತುಗಳಿಗೆ ಅರ್ಥ ಬರಬೇಕಾದರೆ ಕೊಳ್ಳುವವನೂ ಮಾರುವವನೂ ನಿರ್ಭಯರಾಗಿರಬೇಕು.

ಹೀಗಿರಲು, ಗಿರಾಕಿಯೊಬ್ಬನು ಎಲ್ಲರಿಗೂ ಕಾಣುವಂತೆ ಹೆಗಲ ಮೇಲೆ ಬಂದೂಕು ಇಳಿಬಿಟ್ಟುಕೊಂಡು ಒಳಗೆ ಬಂದರೆ, 'ಅದನ್ನು ಹೊರಗಿಟ್ಟು ಬಾ' ಎಂದು ಅಂಗಡಿಕಾರನು ಹೇಳಬಹುದೋ ಹೇಳಬಾರದೋ ಎಂಬ ಪ್ರಶ್ನೆಯು ನಮ್ಮ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಇದು ವಿನೋದದ ಮಾತಲ್ಲ. ಅಲ್ಲಿಯ ಕಾಫಿ ಅಂಗಡಿಗಳಲ್ಲಿ, ಕಿರಾಣಿಯ ಮಹಾಮಳಿಗೆಗಳಲ್ಲಿ, ಶಾಸನಸಭೆಗಳಲ್ಲಿ, ಕಡೆಗೆ ಸುಪ್ರೀಮ ಕೋರ್ಟಿನಲ್ಲಿಯೂ ಇದರ ಸಂಬಂಧವಾಗಿ ವಾದಗಳು ನಡೆದಿವೆ. ಸಾವಿರಾರು ಕನ್ನಡ ಕುಟುಂಬಗಳು ಆ ದೇಶದಲ್ಲಿ ನೆಲೆಸಿ ಅದೇ ಮಳಿಗೆಗಳಿಂದ ದಿನಸಿ ತರುತ್ತಿವೆ. ಅಲ್ಲದೆ, ಅಂಗಡಿಯ ಬಾಗಿಲಲ್ಲಿ ಯಾರನ್ನು ತಡೆಯಬಹುದು, ಯಾರನ್ನು ತಡೆಯಬಾರದು ಎಂಬುದು ನಾವೂ ಒಂದು ಕಾಲಕ್ಕೆ ನೋವಿನಿಂದ ಬಿಡಿಸಿಕೊಂಡ ಪ್ರಶ್ನೆಯೇ. ಆದಕಾರಣ ಈ ವಿಷಯವನ್ನು ಸಾವಧಾನವಾಗಿ ಪರೀಕ್ಷಿಸುವದು ಅಪ್ರಸ್ತುತವಾಗಲಾರದು.

ಮೊದಲು ಕಾಯದೆಯ ನೆಲೆಯನ್ನು ತಿಳಿಯೋಣ. ೧೭೯೧ರಲ್ಲಿ ಅಮೇರಿಕೆಯ ಸಂವಿಧಾನಕ್ಕೆ ಕೂಡಿದ ಎರಡನೆಯ ತಿದ್ದುಪಡಿಯು ಜನರು ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಹಕ್ಕನ್ನು ರಕ್ಷಿಸುತ್ತದೆ. ಈ ಹಕ್ಕು ವ್ಯಕ್ತಿವ್ಯಕ್ತಿಗೂ ಸಲ್ಲತಕ್ಕದ್ದೆಂದು ಅಲ್ಲಿಯ ಸುಪ್ರೀಮ ಕೋರ್ಟು ೨೦೦೮ರಲ್ಲಿ ಹೆಲ್ಲರ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ೨೦೧೦ರ ಮ್ಯಾಕ್‌ಡೊನಾಲ್ಡ್ ತೀರ್ಪಿನಿಂದ ಅದು ಪ್ರತಿಯೊಂದು ಸಂಸ್ಥಾನದ ಸರಕಾರವನ್ನೂ ಕಟ್ಟಿತು. ೨೦೨೨ರ ಬ್ರೂಯೆನ್ ತೀರ್ಪು ಆ ಹಕ್ಕನ್ನು ಮನೆಯ ಹೊರಗೂ ಒಯ್ದಿತು. ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಈ ತಿದ್ದುಪಡಿಯು ಸರಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಅಂಗಡಿಕಾರನ ಕೈಯನ್ನಲ್ಲ. ಸರಕಾರವು ಪ್ರಜೆಯ ಬಾಯಿ ಮುಚ್ಚಿಸಲಾಗದು. ಹಾಗೆಂದು ನನ್ನ ಮನೆಯ ಪಡಸಾಲೆಯಲ್ಲಿ ನಿಂತು ಭಾಷಣ ಮಾಡುವ ಹಕ್ಕು ಯಾರಿಗೂ ಹುಟ್ಟುವದಿಲ್ಲ. ಆಯುಧದ ಹಕ್ಕೂ ಇದೇ ಜಾತಿಯದು. ಬೀದಿಯಲ್ಲಿ ಅದನ್ನು ಧರಿಸಲು ಸರಕಾರವು ಅಡ್ಡಿ ಬರಬಾರದೆಂಬ ಮಾತು ಬೇರೆ. ಮತ್ತೊಬ್ಬನ ಛಾವಣಿಯ ಕೆಳಗೂ ಅದನ್ನು ಒಯ್ದೇ ತೀರುವೆನೆಂಬ ಮಾತು ಬೇರೆ.

ಆಯುಧದ ಬಿಚ್ಚುಪ್ರದರ್ಶನವೇ ಅಮೇರಿಕೆಯ ಪುರಾತನ ಸಂಪ್ರದಾಯವೆಂದು ಹೇಳುವವರು ತಮ್ಮ ಇತಿಹಾಸವನ್ನು ತಾವೇ ಓದಿದಂತೆ ಕಾಣುವದಿಲ್ಲ. ಸಿನೇಮಾಗಳಲ್ಲಿ ಪ್ರಸಿದ್ಧವಾದ ಪಶ್ಚಿಮದ ಗಡಿನಾಡಿನ ಊರುಗಳಲ್ಲಿ ದನಗಾಹಿಗಳು ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ತಿರುಗುತ್ತಿದ್ದರೆಂದು ನಾವೆಲ್ಲ ನಂಬಿದ್ದೇವೆ. ವಾಸ್ತವವಾಗಿ ಕಾನ್ಸಾಸ್ ಸಂಸ್ಥಾನದ ಡಾಜ್ ಸಿಟಿಯಲ್ಲಿ ಬಂದೂಕು ಧರಿಸುವದು ನಿಷಿದ್ಧವೆಂದು ಸಾರುವ ಫಲಕವೇ ಬೀದಿಯಲ್ಲಿ ನಿಂತಿತ್ತು. ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣವು ೧೮೮೧ರ ಏಪ್ರಿಲಿನಲ್ಲಿ, ಊರೊಳಗೆ ಬಂದವರು ತಮ್ಮ ಆಯುಧಗಳನ್ನು ಲಾಯದಲ್ಲಿಯೋ ಪಾನಗೃಹದಲ್ಲಿಯೋ ಒಪ್ಪಿಸಿಬಿಡಬೇಕೆಂದು ಕಟ್ಟಳೆ ಮಾಡಿತು. ಅದೇ ವರ್ಷದ ಅಕ್ಟೋಬರ ೨೬ರಂದು ಅಲ್ಲಿ ನಡೆದ ಜಗತ್ಪ್ರಸಿದ್ಧ ಗುಂಡಿನ ಕಾಳಗವು ಹತ್ತಿದ್ದಾದರೂ ಈ ಕಟ್ಟಳೆಯನ್ನು ಮುರಿದವರಿಂದ ಆಯುಧ ಕಸಿಯಹೋದ ಸಂದರ್ಭದಲ್ಲಿಯೇ. ಅಡವಿಯಲ್ಲಿ ಬಂದೂಕು ಬೇಕೆಂದವರೇ ಪೇಟೆಯಲ್ಲಿ ಅದು ಬೇಡವೆಂದರು. ಅವರಿಗೆ ಬಂದೂಕಿನ ಪರಿಚಯವು ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು.

ಈ ಕಾಲದ ವಾದವು ಕಾಫಿಯ ಬಟ್ಟಲಿನಿಂದ ಆರಂಭವಾಯಿತು. ೨೦೧೦ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಬಂದೂಕಿನ ಹಕ್ಕಿನ ಅಭಿಮಾನಿಗಳು ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಕಾಫಿ ಅಂಗಡಿಗಳಲ್ಲಿ ಸಭೆ ಸೇರತೊಡಗಿದರು. ಕೆಲವು ಅಂಗಡಿಗಳವರು ಕೂಡಲೇ ಬೇಡವೆಂದರು. ಸ್ಟಾರ್‌ಬಕ್ಸ್ ಸಂಸ್ಥೆಯು ಮಾತ್ರ, ಆಯಾ ಪ್ರಾಂತದ ಕಾಯದೆ ಹೇಗಿದೆಯೋ ಹಾಗೆ ನಡೆಯುವೆವೆಂದು ಹೇಳಿ ಹಾವೂ ಸಾಯದ ಕೋಲೂ ಮುರಿಯದ ಹಾದಿಯನ್ನು ಹಿಡಿಯಿತು. ಇದನ್ನು ಬಂದೂಕಿನ ಅಭಿಮಾನಿಗಳು ತಮ್ಮ ಪಕ್ಷಕ್ಕೆ ದೊರೆತ ಬೆಂಬಲವೆಂದೇ ಬಗೆದರು. ೨೦೧೩ರ ಅಗಸ್ಟ ೯ರಂದು ಆ ಅಂಗಡಿಗಳಿಗೆ ಕೃತಜ್ಞತೆ ಸಲ್ಲಿಸುವ ದಿನವನ್ನೇ ಆಚರಿಸಿದರು. ಕನೆಕ್ಟಿಕಟ್ ಸಂಸ್ಥಾನದ ನ್ಯೂಟೌನ್ ಊರಿನಲ್ಲಿ ೨೦೧೨ರ ಡಿಸೆಂಬರ ೧೪ರಂದು ಶಾಲೆಯೊಳಗೆ ೨೦ ಎಳೆಯ ಮಕ್ಕಳೂ ಅವರನ್ನು ಕಾಯಹೋದ ೬ ಜನ ದೊಡ್ಡವರೂ ಗುಂಡಿಗೆ ಬಲಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಥ ಊರಿನಲ್ಲಿಯ ಅಂಗಡಿಯು ಆ ದಿನ ಹೊತ್ತಿಗೆ ಮುಂಚೆಯೇ ಕದ ಮುಚ್ಚಬೇಕಾಯಿತು.

ತಟಸ್ಥನೆಂದು ಕೈಕಟ್ಟಿ ನಿಂತವನನ್ನು ಒಂದು ಪಕ್ಷವು ತನ್ನ ಧ್ವಜಸ್ತಂಭವನ್ನಾಗಿ ಮಾಡಿಕೊಳ್ಳುವದೆಂಬುದು ಆಗ ಆ ಸಂಸ್ಥೆಗೆ ತಿಳಿಯಿತು. ೨೦೧೩ರ ಸೆಪ್ಟೆಂಬರ ೧೭ರಂದು ಅದರ ಮುಖ್ಯಸ್ಥರಾದ ಹೊವರ್ಡ್ ಶುಲ್ಟ್ಜರು ಬಹಿರಂಗ ಪತ್ರವನ್ನು ಬರೆದು, ದಯವಿಟ್ಟು ನಮ್ಮ ಅಂಗಡಿಗಳಿಗೆ ಬಂದೂಕು ತರಬೇಡಿರೆಂದು ಗಿರಾಕಿಗಳನ್ನು ಬೇಡಿಕೊಂಡರು. ಇದು ವಿನಂತಿಯೇ ಹೊರತು ನಿಷೇಧವಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯುತ್ತದೆ. ನಿಷೇಧವನ್ನು ಹಾಕಿದರೆ ಅದನ್ನು ನಡೆಸತಕ್ಕವನು ಗಲ್ಲಾದ ಹಿಂದೆ ನಿಂತ ಕೆಲಸಗಾರನು. ಆಯುಧ ಧರಿಸಿದವನ ಎದುರಿಗೆ ಅವನನ್ನು ನಿಲ್ಲಿಸಲು ತಮಗೆ ಮನಸ್ಸಿಲ್ಲವೆಂದು ಅವರು ಬರೆದರು. ಈ ಮಾತಿಗೆ ನಾವು ಮುಂದೆ ತಿರುಗಿ ಬರುವೆವು.

ಟೆಕ್ಸಾಸ್ ಸಂಸ್ಥಾನದ ಕಥೆಯು ಇನ್ನೂ ಚೋದ್ಯವಾದದ್ದು. ಅಲ್ಲಿ ಪಿಸ್ತೂಲನ್ನು ಬಿಚ್ಚಾಗಿ ಧರಿಸಲು ಬಹುಕಾಲ ಅಪ್ಪಣೆ ಇರಲಿಲ್ಲ. ಉದ್ದ ಬಂದೂಕನ್ನು ಧರಿಸಲು ಮಾತ್ರ ಅಡ್ಡಿಯಿರಲಿಲ್ಲ. ಈ ವೈಷಮ್ಯವನ್ನು ಲೋಕಕ್ಕೆ ತೋರಿಸಬೇಕೆಂದು ೨೦೧೪ರಲ್ಲಿ ಕೆಲವರು ಸೈನಿಕರ ಬಂದೂಕುಗಳನ್ನು ಹೋಲುವ ರೈಫಲ್ಲುಗಳನ್ನು ಹೆಗಲಿಗೆ ಹಾಕಿಕೊಂಡು ಊಟದ ಅಂಗಡಿಗಳಲ್ಲಿಯೂ ಮಳಿಗೆಗಳಲ್ಲಿಯೂ ಮೆರವಣಿಗೆ ತೆಗೆದರು. ಫಲವೇನಾಯಿತು? ಚಿಪೋಟ್ಲೆ, ಟಾರ್ಗೆಟ್ ಮೊದಲಾದ ದೊಡ್ಡ ಸಂಸ್ಥೆಗಳು ಒಂದರ ಹಿಂದೊಂದು ಬಂದೂಕು ತರಬೇಡಿರೆಂದು ಹೇಳಿದವು. ಬಂದೂಕಿನ ಹಕ್ಕಿಗಾಗಿ ಹೋರಾಡುವದರಲ್ಲಿ ಅಗ್ರಗಣ್ಯವಾದ ರಾಷ್ಟ್ರೀಯ ರೈಫಲ್ ಸಂಘದವರೇ ಈ ನಡತೆಯನ್ನು ವಿಚಿತ್ರವೆಂದು ತಮ್ಮ ಪ್ರಕಟನೆಯಲ್ಲಿ ಹಳಿದು, ತಮ್ಮವರ ಸಿಟ್ಟಿಗೆ ಅಂಜಿ ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂದೆಗೆದುಕೊಂಡರು.

ಕಡೆಗೆ ಟೆಕ್ಸಾಸ್ ಶಾಸನಸಭೆಯು ಹೊಸ ಕಾಯದೆಯನ್ನು ಮಾಡಿ, ೨೦೧೬ರ ಜನೇವರಿ ೧ರಿಂದ ಪರವಾನಗಿ ಪಡೆದವರು ಪಿಸ್ತೂಲನ್ನು ಬಿಚ್ಚಾಗಿ ಧರಿಸಬಹುದೆಂದು ಅಪ್ಪಣೆ ಕೊಟ್ಟಿತು. ೨೦೨೧ರ ಸೆಪ್ಟೆಂಬರದಿಂದ ಪರವಾನಗಿಯ ಅವಶ್ಯಕತೆಯನ್ನೂ ಬಹುಮಟ್ಟಿಗೆ ತೆಗೆದುಹಾಕಿತು. ಆದರೆ ಅಮೇರಿಕೆಯಲ್ಲಿಯೇ ಬಂದೂಕಿನ ಮೇಲೆ ಹೆಚ್ಚು ಪ್ರೀತಿಯುಳ್ಳದ್ದೆಂದು ಹೆಸರಾದ ಈ ಸಂಸ್ಥಾನವು ಸಹ ಅಂಗಡಿಕಾರನ ಹಕ್ಕನ್ನು ಕಸಿಯಲಿಲ್ಲವೆಂಬುದು ಲಕ್ಷ್ಯದಲ್ಲಿಡತಕ್ಕ ಸಂಗತಿ. ಪರವಾನಗಿದಾರರನ್ನು ಕುರಿತು ಅಲ್ಲಿಯ ದಂಡಸಂಹಿತೆಯ ೩೦.೦೭ನೆಯ ಕಲಮಿನಲ್ಲಿ ಹೇಳಿದ ಒಕ್ಕಣೆಯನ್ನು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಭಾಷೆಗಳಲ್ಲಿ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಎತ್ತರದ ಅಕ್ಷರಗಳಲ್ಲಿ, ಎದ್ದು ಕಾಣುವ ಬಣ್ಣದಲ್ಲಿ ಬರೆಯಿಸಿ ಪ್ರತಿಯೊಂದು ಬಾಗಿಲಿಗೆ ತೂಗಹಾಕಿದರೆ ಸಾಕು. ಬಿಚ್ಚು ಪಿಸ್ತೂಲು ಹೊಸ್ತಿಲನ್ನು ದಾಟುವಂತಿಲ್ಲ. ದಾಟಿದವನಿಗೆ ೨೦೦ ಡಾಲರಿನ ವರೆಗೆ ದಂಡ. ಬಾಯಿಮಾತಿನಿಂದ ಹೊರಗೆ ಹೋಗೆಂದ ಮೇಲೂ ಹೋಗದಿದ್ದರೆ ಅಪರಾಧದ ದರ್ಜೆಯೇ ಏರಿ, ಒಂದು ವರ್ಷದ ವರೆಗೆ ಸೆರೆವಾಸವಾಗಬಹುದು. ಆ ಸಂಸ್ಥಾನದಲ್ಲಿಯೇ ಹುಟ್ಟಿ ಬೆಳೆದ ವಾಟಾಬರ್ಗರ್ ಎಂಬ ಊಟದ ಅಂಗಡಿಗಳ ಸಂಸ್ಥೆಯು ಕಾಯದೆ ಜಾರಿಯಾಗುವ ಮುಂಚೆಯೇ ಬಿಚ್ಚು ಪಿಸ್ತೂಲು ಬೇಡವೆಂದು ಸಾರಿತು.

ಇನ್ನು ೨೦೧೯ರ ಅಗಸ್ಟ ತಿಂಗಳನ್ನು ನೆನೆಯಬೇಕು. ಅದರ ೩ನೆಯ ತಾರೀಖಿನಂದು ಟೆಕ್ಸಾಸಿನ ಎಲ್ ಪಾಸೋ ಪಟ್ಟಣದ ವಾಲ್‌ಮಾರ್ಟ್ ಮಳಿಗೆಗೆ ರೈಫಲ್ ಹಿಡಿದು ಬಂದ ದುರಾತ್ಮನೊಬ್ಬನು ಗುಂಡಿನ ಮಳೆಗರೆದನು. ಗಾಯಗೊಂಡು ಮುಂದೆ ತೀರಿಕೊಂಡವರನ್ನು ಕೂಡಿಸಿದರೆ ಸತ್ತವರು ೨೩ ಜನ. ಇದಾಗಿ ಐದೇ ದಿನಗಳಿಗೆ ಮಿಸೂರಿ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಅದೇ ಸಂಸ್ಥೆಯ ಮತ್ತೊಂದು ಮಳಿಗೆಗೆ ತರುಣನೊಬ್ಬನು ಎದೆಗವಚ ತೊಟ್ಟು ರೈಫಲ್ ಧರಿಸಿಕೊಂಡು ಬಂದನು. ಜನರು ಕೈಯಲ್ಲಿಯ ಸಾಮಾನು ಬಿಟ್ಟು ಜೀವ ಹಿಡಿದುಕೊಂಡು ಓಡಿದರು. ಆಯುಧವುಳ್ಳ ಇನ್ನೊಬ್ಬನು ಅವನನ್ನು ತಡೆದು ಪೋಲೀಸರು ಬರುವ ವರೆಗೆ ನಿಲ್ಲಿಸಿದನು. ವಿಚಾರಿಸಿದಾಗ, ತನ್ನ ಹಕ್ಕನ್ನು ಈ ಮಳಿಗೆಯವರು ಮನ್ನಿಸುವರೋ ಇಲ್ಲವೋ ಎಂದು ಪರೀಕ್ಷಿಸಲು ಬಂದೆನೆಂದು ಆ ತರುಣನು ಹೇಳಿದನು. ದೈವವಶದಿಂದ ಒಂದು ಗುಂಡೂ ಹಾರಲಿಲ್ಲ. ಆದರೆ ಹೆದರಿದ ಒಬ್ಬನ ಬೆರಳು ಕುದುರೆಯ ಮೇಲೆ ಜಾರಿದ್ದರೆ ಆ ಹಕ್ಕಿನ ಪರೀಕ್ಷೆಯ ಫಲಿತಾಂಶವನ್ನು ಸ್ಮಶಾನದಲ್ಲಿ ಓದಬೇಕಾಗುತ್ತಿತ್ತು.

ಸೆಪ್ಟೆಂಬರ ೩ರಂದು ವಾಲ್‌ಮಾರ್ಟಿನವರು, ಕಾಯದೆಯ ಅಪ್ಪಣೆಯಿದ್ದ ಸಂಸ್ಥಾನಗಳಲ್ಲಿಯೂ ಇನ್ನು ಮುಂದೆ ಗಿರಾಕಿಗಳು ಬಂದೂಕನ್ನು ಬಿಚ್ಚಾಗಿ ತರಬಾರದೆಂದು ವಿನಂತಿ ಮಾಡಿದರು. ಪೋಲೀಸರನ್ನು ಇದರಿಂದ ಹೊರತುಪಡಿಸಿದರು; ಪರವಾನಗಿ ಪಡೆದು ಬಟ್ಟೆಯ ಒಳಗೆ ಮರೆಯಾಗಿ ಧರಿಸುವವರ ಗೊಡವೆಗೂ ಹೋಗಲಿಲ್ಲ. ಕ್ರೋಗರ್, ವಾಲ್‌ಗ್ರೀನ್ಸ್ ಮೊದಲಾದವರು ಅದೇ ವಾರದಲ್ಲಿ ಇವರನ್ನು ಅನುಸರಿಸಿದರು. ಬಂದೂಕನ್ನು ಮಾರುವ ಅಂಗಡಿಯೇ ಬಂದೂಕನ್ನು ತೋರಿಸಬೇಡವೆನ್ನುವದು ವಿಪರೀತವೆಂದು ಕೆಲವರು ನಕ್ಕರು. ನಮಗೆ ಅದರಲ್ಲಿ ವಿಪರೀತವೇನೂ ಕಾಣಿಸದು. ಕೊಡಲಿ ಮಾರುವ ಅಂಗಡಿಯವನು ಗಿರಾಕಿಯು ಕೊಡಲಿಯನ್ನು ಬೀಸುತ್ತ ಒಳಗೆ ಬರುವದನ್ನು ಸಹಿಸಬೇಕೆಂದು ನಿಯಮವುಂಟೆ?

ಈಗ ಎದುರುಪಕ್ಷದ ವಾದಗಳನ್ನು ನ್ಯಾಯವಾಗಿ ತೂಗಿ ನೋಡೋಣ. ಅವುಗಳಲ್ಲಿ ಮೊದಲನೆಯದೂ ಹೃದಯಕ್ಕೆ ತಟ್ಟುವಂಥದೂ ಇದು: ನಿಷೇಧದ ಫಲಕವನ್ನು ಸಜ್ಜನನು ಓದಿ ಪಾಲಿಸುವನು, ಕೊಲೆಗಾರನು ಓದದೆಯೇ ಒಳಗೆ ನುಗ್ಗುವನು, ಆದ್ದರಿಂದ ಫಲಕವು ನಿರಪರಾಧಿಗಳ ಕೈಯನ್ನಷ್ಟೇ ಬರಿದು ಮಾಡುತ್ತದೆ. ಇದಕ್ಕೆ ದೃಷ್ಟಾಂತವಾಗಿ ಅವರು ಟೆಕ್ಸಾಸಿನ ಕಿಲೀನ್ ಊರಿನ ಘಟನೆಯನ್ನು ಹೇಳುತ್ತಾರೆ. ೧೯೯೧ರ ಅಕ್ಟೋಬರ ೧೬ರಂದು ಅಲ್ಲಿಯ ಊಟದ ಅಂಗಡಿಯೊಂದರಲ್ಲಿ ೨೩ ಜನರು ಹತರಾದರು. ತನ್ನ ಪಿಸ್ತೂಲನ್ನು ಕಾಯದೆಗೆ ಅಂಜಿ ಹೊರಗೆ ಮೋಟಾರಿನಲ್ಲಿಟ್ಟು ಬಂದ ಒಬ್ಬ ಮಹಿಳೆಯು ತನ್ನ ತಂದೆತಾಯಿಗಳಿಬ್ಬರನ್ನೂ ಅಂದು ಕಳಕೊಂಡಳು. ಅವಳ ಸಂಕಟದ ಮುಂದೆ ತರ್ಕವನ್ನು ಹೂಡಲು ನಾಲಗೆ ಹಿಂಜರಿಯುತ್ತದೆ. ಆದರೆ ಸತ್ಯವನ್ನು ಹೇಳಲೇಬೇಕು. ಅಂದು ಅವಳ ಪಿಸ್ತೂಲನ್ನು ಹೊರಗಿರಿಸಿದ್ದು ಅಂಗಡಿಕಾರನ ಫಲಕವಲ್ಲ, ಸಂಸ್ಥಾನದ ಕಾಯದೆ. ಆ ಉದಾಹರಣೆಯಿಂದ ಸಿದ್ಧವಾಗುವದೇನು? ಸರಕಾರವು ಎಲ್ಲ ಬಾಗಿಲುಗಳಿಗೂ ಒಂದೇ ಬೀಗ ಜಡಿಯಬಾರದೆಂಬುದು ಸಿದ್ಧವಾಗಬಹುದು. ಅಂಗಡಿಕಾರನ ಕೈಯೊಳಗಿನ ಬೀಗದ ಕೈಯನ್ನು ಕಸಿಯಬೇಕೆಂಬುದು ಸಿದ್ಧವಾಗದು. ಮೇಲಾಗಿ ನಮ್ಮ ಚರ್ಚೆಯು ಎಲ್ಲರಿಗೂ ಕಾಣುವ ಆಯುಧದ ವಿಷಯವಾದದ್ದು. ಮರೆಯಾಗಿದ್ದ ಆಯುಧವು ಅಪಾಯಕಾಲದಲ್ಲಿ ಉಪಯೋಗಕ್ಕೆ ಬರಬಹುದೆಂದು ಒಪ್ಪಿದರೂ, ಅದನ್ನು ಹಾಲಿನ ಅಂಗಡಿಯಲ್ಲಿ ಹಗಲೆಲ್ಲ ಮೆರೆಯಿಸಬೇಕೆಂದು ಅದರಿಂದ ಸಿದ್ಧವಾಗುವದಿಲ್ಲ.

ಬಿಚ್ಚುಪ್ರದರ್ಶನವು ರೂಢಿಯಾದರೆ ಸಜ್ಜನನನ್ನೂ ಕೊಲೆಗಾರನನ್ನೂ ಬೇರೆ ಮಾಡಿ ಗುರುತಿಸುವ ಹಾದಿಯೇ ಕಾಣದಂತಾಗುತ್ತದೆ. ೨೦೧೫ರ ಅಕ್ಟೋಬರ ೩೧ರಂದು ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ ಒಬ್ಬ ಹೆಣ್ಣುಮಗಳು ಬೀದಿಯಲ್ಲಿ ರೈಫಲ್ ಹಿಡಿದವನನ್ನು ಕಂಡು ಪೋಲೀಸರಿಗೆ ಫೋನು ಮಾಡಿದಳು. ಬಿಚ್ಚಾಗಿ ಬಂದೂಕು ಧರಿಸಲು ಈ ಸಂಸ್ಥಾನದಲ್ಲಿ ಅಪ್ಪಣೆಯುಂಟೆಂದು ಅವಳಿಗೆ ಉತ್ತರವು ದೊರೆಯಿತು. ತುಸು ಹೊತ್ತಿನಲ್ಲಿ ಅದೇ ಮನುಷ್ಯನು ಮೂವರನ್ನು ಕೊಂದನು. ಮೊದಲನೆಯ ಗುಂಡು ಹಾರುವ ವರೆಗೆ ಅವನು ಕಾಯದೆಯ ಕಣ್ಣಿಗೆ ಸಜ್ಜನನೇ ಆಗಿದ್ದನು. ಗಲ್ಲಾದ ಹಿಂದಿನ ಬಡ ಗುಮಾಸ್ತನು ಆ ಒಂದು ಗುಂಡಿಗಾಗಿ ಕಾಯುತ್ತ ಕುಳಿತಿರಬೇಕೆ?

ಇದರ ಇನ್ನೊಂದು ಮುಖವು ಇದಕ್ಕಿಂತ ಕ್ರೂರವಾದದ್ದು. ೨೦೧೪ರ ಅಗಸ್ಟ ೫ರಂದು ಓಹಾಯೋ ಸಂಸ್ಥಾನದ ಬೀವರ್‌ಕ್ರೀಕ್ ಊರಿನ ಮಳಿಗೆಯೊಂದರಲ್ಲಿ ೨೨ ವರ್ಷದ ಕಪ್ಪುವರ್ಣದ ತರುಣನೊಬ್ಬನು ಮಾರಾಟಕ್ಕಿಟ್ಟಿದ್ದ ಗಾಳಿಬಂದೂಕನ್ನು ಕೈಯಲ್ಲಿ ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತ ತಿರುಗುತ್ತಿದ್ದನು. ಮತ್ತೊಬ್ಬ ಗಿರಾಕಿಯು ಪೋಲೀಸರಿಗೆ ಸುದ್ದಿ ಕೊಟ್ಟನು. ಪೋಲೀಸರು ಬಂದವರೇ ಆ ತರುಣನನ್ನು ಗುಂಡಿಕ್ಕಿ ಕೊಂದರು. ಓಹಾಯೋದಲ್ಲಿ ನಿಜವಾದ ಬಂದೂಕನ್ನೇ ಬಿಚ್ಚಾಗಿ ಧರಿಸಲು ಅಪ್ಪಣೆಯಿತ್ತು! ಕಾಯದೆಯ ಪುಸ್ತಕದಲ್ಲಿ ಎಲ್ಲರಿಗೂ ಸಮನಾಗಿ ಬರೆದ ಹಕ್ಕು, ನೋಡುವವರ ಕಣ್ಣಿನಲ್ಲಿ ಮೈಬಣ್ಣವನ್ನು ನೋಡಿ ಬೇರೆ ಬೇರೆಯಾಗಿಬಿಡುತ್ತದೆ. ಒಬ್ಬನ ಹೆಗಲ ಮೇಲೆ ಅದು ಸ್ವಾತಂತ್ರ್ಯದ ಚಿಹ್ನೆ. ಇನ್ನೊಬ್ಬನ ಕೈಯಲ್ಲಿ ಅದರ ಆಟಿಗೆಯೂ ಮರಣಪತ್ರ. ಹೀಗಿರುವಾಗ ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ 'ಇಲ್ಲಿ ಆಯುಧ ಬೇಡ' ಎಂಬ ನಿಯಮವು ದುರ್ಬಲರಿಗೆ ಕವಚವೇ ಆಗುತ್ತದೆ.

ಎರಡನೆಯ ವಾದವನ್ನು ನಾವು ಇನ್ನೂ ಆದರದಿಂದ ಪರೀಕ್ಷಿಸಬೇಕು, ಏಕೆಂದರೆ ಅದು ನಮ್ಮ ಮನೆಯ ಬಾಗಿಲಿಗೂ ಬಂದು ನಿಲ್ಲುತ್ತದೆ. ಸಾರ್ವಜನಿಕರಿಗಾಗಿ ಕದ ತೆರೆದು ಕುಳಿತವನು ತನಗೆ ಬೇಡಾದವರನ್ನು ಹೊರಗೆ ನೂಕಬಹುದೆಂದು ಒಪ್ಪಿದರೆ, ಇಂದು ಬಂದೂಕಿನವನನ್ನು ತಡೆದವನು ನಾಳೆ ಕುಲವನ್ನೂ ವರ್ಣವನ್ನೂ ಕೇಳಿ ತಡೆಯಲಾರನೆಂಬುದಕ್ಕೆ ಆಧಾರವೇನು? ೧೯೬೦ರ ಫೆಬ್ರುವರಿ ೧ರಂದು ನಾರ್ತ್ ಕೆರೊಲೈನಾದ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪುವರ್ಣದ ವಿದ್ಯಾರ್ಥಿಗಳು ವುಲ್‌ವರ್ತ್ ಮಳಿಗೆಯ ಊಟದ ಕಟ್ಟೆಯ ಮುಂದೆ ಕುಳಿತರು. ಆ ಮಳಿಗೆಯಲ್ಲಿ ಅವರಿಗೆ ಸಾಮಾನು ಮಾರುತ್ತಿದ್ದರು. ಕುಳಿತು ಉಣ್ಣಲು ಮಾತ್ರ ಬಿಡುತ್ತಿರಲಿಲ್ಲ. ಆಗ ಮಾಲಕನ ಪಕ್ಷದವರು ಹೇಳಿದ್ದು, 'ಇದು ನನ್ನ ಸ್ವತ್ತು, ನನ್ನ ಇಷ್ಟ' ಎಂಬ ಈ ಮಾತನ್ನೇ ಅಲ್ಲವೆ? ಆ ಇಷ್ಟಕ್ಕೆ ೧೯೬೪ರ ನಾಗರಿಕ ಹಕ್ಕುಗಳ ಕಾಯದೆಯು ಕಡಿವಾಣ ಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಟ್ಲಾಂಟಾದ ಒಂದು ವಸತಿಗೃಹದ ಮೊಕದ್ದಮೆಯಲ್ಲಿ ಸುಪ್ರೀಮ ಕೋರ್ಟು ಒಮ್ಮತದಿಂದ ಅದನ್ನು ಎತ್ತಿ ಹಿಡಿಯಿತು.

ನಮ್ಮ ದೇಶದ ಹೊಟೇಲುಗಳ ಹಳೆಯ ಕಥೆಯನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಬೇರೆ ಪಂಕ್ತಿ, ಬೇರೆ ಲೋಟ, ಮೇಲಿನಿಂದ ಹೊಯ್ಯುವ ನೀರು, ಹೊರಗಿನ ಕಟ್ಟೆ ಇವೆಲ್ಲವೂ ಮಾಲಕನ ಇಷ್ಟದ ಹೆಸರಿನಲ್ಲಿಯೇ ನಡೆದ ಪಾಪಗಳು. ಆದ್ದರಿಂದಲೇ ೧೯೫೦ರ ಜನೇವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ವಿಧಿಯು ಅಂಗಡಿ, ಉಪಾಹಾರಗೃಹ, ಹೊಟೇಲು ಮತ್ತು ಮನರಂಜನೆಯ ಸ್ಥಳಗಳ ಹೆಸರನ್ನು ಹಿಡಿದೇ ಹೇಳಿ, ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದಲೇ ಯಾವ ಪ್ರಜೆಗೂ ಅಲ್ಲಿ ತಡೆಯಾಗಬಾರದೆಂದು ವಿಧಿಸಿತು. ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಪಡಿಸಿತು. ಹೀಗಾಗಿ ಮಾಲಕನ ಇಷ್ಟವೇ ಕಡೆಯ ಮಾತೆಂದು ಹೇಳುವದು ನಮ್ಮ ಬಾಯಿಂದ ಎಂದಿಗೂ ಬರಬಾರದು.

ಆದರೆ ಈ ಎರಡು ತಡೆಗಳ ನಡುವೆ ಇರುವ ಅಂತರವು ಕಣ್ಣಿದ್ದವರಿಗೆ ಕಾಣದಿರದು. ಮನುಷ್ಯನು ತನ್ನ ಮೈಬಣ್ಣವನ್ನು ಮೋಟಾರಿನಲ್ಲಿಟ್ಟು ಬರಲಾರನು; ತನ್ನ ಹುಟ್ಟನ್ನು ಬಾಗಿಲಲ್ಲಿ ಕಳಚಿಡಲಾರನು. ಬಂದೂಕನ್ನು ಇಟ್ಟುಬರಬಲ್ಲನು. ವರ್ಣದ ತಡೆಯು 'ನೀನು ಬೇಡ' ಎನ್ನುತ್ತದೆ. ಆಯುಧದ ತಡೆಯು 'ನೀನು ಬಾ, ಅದು ಬೇಡ' ಎನ್ನುತ್ತದೆ. ಹುಟ್ಟಿನ ಮೇಲಿನಿಂದ ಮಾಡುವ ತಡೆಯು ಮನುಷ್ಯತ್ವಕ್ಕೆ ಅಪಮಾನ. ನಡತೆಯ ಮೇಲಿನಿಂದ ಮಾಡುವ ತಡೆಯು ಒಟ್ಟಿಗೆ ಬಾಳುವವರ ಮರ್ಯಾದೆ. ಗುಡಿಯ ಮುಂದೆ ಚಪ್ಪಲಿ ಬಿಡುವವನಿಗೆ ಅಪಮಾನವಾಯಿತೆಂದು ಯಾರೂ ಅನ್ನುವದಿಲ್ಲ. ಅದೇ ಗುಡಿಯ ಮುಂದೆ ಕುಲ ಕೇಳಿಸಿಕೊಂಡು ಹೊರಗೆ ನಿಂತವನಿಗೆ ಆದ ಅಪಮಾನವು ತಲೆಮಾರು ಕಳೆದರೂ ಅಳಿಯುವದಿಲ್ಲ. ಅಂಗಡಿಯ ನಿಯಮವು ನ್ಯಾಯವೋ ಅನ್ಯಾಯವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾವು ಕಾಣೆವು. ಆದರೆ ಒಂದು ಕರಾರು: ನಿಯಮವು ಎಲ್ಲರಿಗೂ ಸಮವಾಗಿರಬೇಕು. ಬಿಳಿಯನ ಪಿಸ್ತೂಲಿಗೆ ಕಣ್ಣುಮುಚ್ಚಿ ಕಪ್ಪುವರ್ಣದವನ ಪಿಸ್ತೂಲಿಗೆ ಫಲಕ ತೋರಿಸುವ ಅಂಗಡಿಕಾರನು ಆಯುಧವನ್ನು ತಡೆಯುವದಿಲ್ಲ, ಹುಟ್ಟನ್ನೇ ತಡೆಯುತ್ತಾನೆ.

ಇಲ್ಲಿಗೆ ಒಡೆಯನು ಬಾಯಿಬಿಟ್ಟು ಹೇಳಿದಾಗಿನ ಮಾತಾಯಿತು. ಅವನು ಏನನ್ನೂ ಹೇಳದೆ ಸುಮ್ಮನಿದ್ದರೆ? ಮೌನವು ಸಮ್ಮತಿಯ ಲಕ್ಷಣವೆಂದು ನಮ್ಮವರು ಹೇಳುವರು. ಅಮೇರಿಕೆಯ ಬಹುಪಾಲು ಸಂಸ್ಥಾನಗಳ ರೂಢಿಯೂ ಅದೇ. ಫಲಕವಿಲ್ಲದಿದ್ದರೆ ಒಪ್ಪಿಗೆಯಿದೆಯೆಂದು ತಿಳಿಯುವದು. ನ್ಯೂಯಾರ್ಕ್ ೨೦೨೨ರಲ್ಲಿಯೂ ಹವಾಯಿ ೨೦೨೩ರಲ್ಲಿಯೂ ಇದನ್ನು ತಿರುವುಮುರುವು ಮಾಡಿ, ಒಡೆಯನು ಸ್ಪಷ್ಟವಾಗಿ ಅಪ್ಪಣೆ ಕೊಟ್ಟ ಹೊರತು ಸಾರ್ವಜನಿಕರಿಗೆ ತೆರೆದ ಖಾಸಗಿ ಸ್ಥಳಗಳಿಗೂ ಆಯುಧವನ್ನು ಒಯ್ಯಬಾರದೆಂದು ಕಾಯದೆ ಮಾಡಿದವು. ಮೇಲಿನ ಕೋರ್ಟುಗಳಲ್ಲಿ ಒಂದು ನ್ಯೂಯಾರ್ಕಿನ ನಿಯಮವನ್ನು ಹೊಡೆದು ಹಾಕಿತು. ಇನ್ನೊಂದು ಹವಾಯಿಯ ನಿಯಮವನ್ನು ೨೦೨೪ರಲ್ಲಿ ಉಳಿಸಿತು. ೨೦೨೫ರ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟು ಹವಾಯಿಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು. ಈ ವಾದದಲ್ಲಿ ಹಳೆಯ ಎರಡು ಕಾಯದೆಗಳು ಮುಂದೆ ಬಂದವು. ಒಂದು ೧೭೭೧ರ ನ್ಯೂಜರ್ಸಿಯದು. ಪರರ ಭೂಮಿಯಲ್ಲಿ ಅಪ್ಪಣೆಯಿಲ್ಲದೆ ಬಂದೂಕು ಒಯ್ಯಬಾರದೆಂದು ಅದು ಹೇಳಿತ್ತು. ಇನ್ನೊಂದು ೧೮೬೫ರ ಲೂಸಿಯಾನಾದ್ದು. ಅದರ ಒಕ್ಕಣೆಯೂ ಅಂಥದೇ. ಆದರೆ ದಾಸ್ಯದಿಂದ ಆಗತಾನೆ ಬಿಡುಗಡೆಯಾದ ಕಪ್ಪುಜನರನ್ನು ತುಳಿಯುವದಕ್ಕಾಗಿ ಆ ಕಾಲದಲ್ಲಿ ಮಾಡಿದ ಶಾಸನಗಳ ಸಾಲಿನಲ್ಲಿ ಅದು ಹುಟ್ಟಿತ್ತು. ಸ್ವತ್ತಿನ ಹಕ್ಕೆಂಬ ಒಳ್ಳೆಯ ಹೆಸರಿನ ಹಿಂದೆ ಎಂಥ ಕೆಟ್ಟ ಉದ್ದೇಶವು ಅಡಗಿ ಕೂಡಬಹುದೆಂಬುದನ್ನು ಇದರಿಂದ ನಾವು ಕಲಿಯತಕ್ಕದ್ದು.

ಲಕ್ಷ್ಯದಲ್ಲಿಡತಕ್ಕದ್ದೇನೆಂದರೆ, ಒಡೆಯನು ಮಾತಾಡಿದರೆ ಆ ಮಾತು ನಡೆಯತಕ್ಕದ್ದೆಂಬುದನ್ನು ಈ ವಾದದಲ್ಲಿ ಉಭಯ ಪಕ್ಷದವರೂ ಒಪ್ಪಿಕೊಂಡರು. ಜಗಳವು ಹುಟ್ಟಿದ್ದು ಅವನ ಮೌನಕ್ಕೆ ಸರಕಾರವು ಯಾವ ಅರ್ಥವನ್ನು ಹಚ್ಚಬಹುದೆಂಬುದರಲ್ಲಿ ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಮೌನಕ್ಕೆ ಅರ್ಥ ಹಚ್ಚುವ ಪಂಡಿತರನ್ನು ಹುಡುಕುವದಕ್ಕಿಂತ ಅಂಗಡಿಕಾರನು ಮೌನವನ್ನು ಮುರಿಯುವದೇ ಮೇಲು. ಹಾಗೆ ಮುರಿಯುವವನಿಗೆ ಸರಕಾರವು ಶಿಕ್ಷೆಯನ್ನಾಗಲಿ ಮೌನಿಗೆ ಬಹುಮಾನವನ್ನಾಗಲಿ ಕೊಡಬಾರದು. ವಿಸ್ಕಾನ್ಸಿನ್ ಸಂಸ್ಥಾನದ ೨೦೧೧ರ ಕಾಯದೆಯು, ಮರೆಯಾದ ಆಯುಧವನ್ನು ತಡೆಯದ ಒಡೆಯನಿಗೆ ಆ ನಿರ್ಧಾರದಿಂದ ಹುಟ್ಟುವ ಹೊಣೆಯಿಂದ ವಿನಾಯತಿ ಕೊಟ್ಟಿತು. ತಡೆದವನಿಗೆ ಆ ವಿನಾಯತಿಯಿಲ್ಲ. ಇದು ತಕ್ಕಡಿಯ ಒಂದು ತಟ್ಟೆಯ ಕೆಳಗೆ ಮೇಣ ಹಚ್ಚಿ ತೂಗಿದಂತೆ. ಒಳಗೆ ಬಿಡುವದೂ ತಡೆಯುವದೂ ಒಡೆಯನ ವಿವೇಕಕ್ಕೆ ಬಿಟ್ಟದ್ದಾದರೆ ಎರಡಕ್ಕೂ ತೂಕ ಒಂದೇ ಇರಲಿ.

ನಾವು ಆಯುಧದ್ವೇಷಿಗಳೆಂದು ಯಾರೂ ತಪ್ಪು ತಿಳಿಯಬಾರದು. ಮಹಾನವಮಿಯಲ್ಲಿ ಆಯುಧಗಳನ್ನು ಪೂಜಿಸುವ ನಾಡು ನಮ್ಮದು. ನಮ್ಮ ಕೊಡಗಿನವರಿಗೆ ಬ್ರಿಟಿಷರ ಕಾಲದಿಂದಲೂ ಬಂದೂಕಿನ ಪರವಾನಗಿಯಿಂದ ವಿನಾಯತಿಯಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರ ವರೆಗೆ ಮುಂದುವರಿಸಿತು, ಕರ್ನಾಟಕದ ಹೈಕೋರ್ಟು ೨೦೨೧ರಲ್ಲಿ ಅದನ್ನು ಎತ್ತಿ ಹಿಡಿಯಿತು. ಅಲ್ಲಿ ಗಂಡುಕೂಸು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಕೈಲ್‌ಪೊಳ್ದಿನ ದಿವಸ ಬಂದೂಕಿಗೆ ಹೂವು ಮುಡಿಸಿ ಕೈಮುಗಿಯುವರು. ಆಯುಧವನ್ನು ಅಷ್ಟು ಪೂಜ್ಯವೆಂದು ಬಗೆದವರಲ್ಲಿಯೇ ಅದಕ್ಕೆ ಇಂಥ ದಿನ, ಇಂಥ ಸ್ಥಾನ, ಇಂಥ ಸಂದರ್ಭವೆಂಬ ಕಟ್ಟು ಇರುವದನ್ನು ನೋಡಿರಿ. ಪೂಜ್ಯವಾದ ವಸ್ತುವನ್ನು ಉಪ್ಪು ಕೊಳ್ಳುವಾಗ ಮೆರೆಯಿಸುವದಿಲ್ಲ. ಕಟ್ಟಿಲ್ಲದ ಹಕ್ಕು ಹಕ್ಕಿನ ಹೆಸರಿಗೇ ಕಲಂಕವನ್ನು ತರುತ್ತದೆಂಬುದನ್ನು ಟೆಕ್ಸಾಸಿನ ಮೆರವಣಿಗೆಗಾರರು ತಮ್ಮ ಹಿತೈಷಿಗಳಿಂದಲೇ ಕೇಳಿಸಿಕೊಳ್ಳಬೇಕಾಯಿತಲ್ಲವೆ?

ಇನ್ನು ಗಲ್ಲಾದ ಹಿಂದೆ ನಿಂತ ಕೆಲಸಗಾರನ ಮಾತಿಗೆ ಬರೋಣ. ಈ ಇಡೀ ವಾದದಲ್ಲಿ ಒಡೆಯನ ಸ್ವತ್ತಿನ ಹಕ್ಕು, ಗಿರಾಕಿಯ ಆಯುಧದ ಹಕ್ಕು ಎಂಬ ಎರಡೇ ಹೆಸರುಗಳು ಕೇಳಿಬರುತ್ತವೆ. ಮೂರನೆಯವನ ಹೆಸರನ್ನು ಹೇಳುವವರು ಕಡಿಮೆ. ಒಡೆಯನು ದೂರದ ಕಚೇರಿಯಲ್ಲಿ ಪತ್ರ ಬರೆಯುತ್ತಾನೆ. ಗಿರಾಕಿಯು ಕೊಂಡು ಹೊರಟುಹೋಗುತ್ತಾನೆ. ಎಂಟು ತಾಸು ಅಲ್ಲಿಯೇ ನಿಲ್ಲತಕ್ಕವರು ತಿಂಗಳ ಕೂಲಿಗೆ ದುಡಿಯುವ ಹುಡುಗ 'ಹುಡುಗಿಯರು. ಅವರಿಗೆ ಬೇಡವೆನಿಸಿದರೆ ಹೊರಟುಹೋಗುವ ಸ್ವಾತಂತ್ರ್ಯವಿಲ್ಲ. ನಿಷೇಧವಿಲ್ಲದಿದ್ದರೆ ಅಂಜುತ್ತ ನಿಲ್ಲಬೇಕು. ನಿಷೇಧವಿದ್ದರೆ ಅಂಜುತ್ತಲೇ ಹೋಗಿ ಹೇಳಬೇಕು. ಆದ್ದರಿಂದ ಫಲಕ ಹಾಕಿದೊಡನೆ ಒಡೆಯನ ಕರ್ತವ್ಯವು ಮುಗಿಯುವದಿಲ್ಲ. ಆಯುಧವುಳ್ಳವನನ್ನು ಎದುರಿಸುವ ಭಾರವನ್ನು ಕೆಲಸಗಾರನ ತಲೆಯ ಮೇಲೆ ಹೊರಿಸದೆ, ಕಾವಲಿಗೆಂದೇ ನೇಮಿಸಿದವರ ಮೇಲೆಯೂ ಪೋಲೀಸರ ಮೇಲೆಯೂ ಹೊರಿಸತಕ್ಕದ್ದು. ಹೊರಗೆ ಹೋಗೆಂದ ಮೇಲೂ ಹೋಗದವನು ಅಂಗಡಿಕಾರನೊಡನೆ ಜಗಳವಾಡುವವನಲ್ಲ, ಕಾಯದೆಯೊಡನೆ ಜಗಳವಾಡುವವನೆಂದು ಸಂಸ್ಥಾನವು ತಿಳಿಯಪಡಿಸಬೇಕು. ಟೆಕ್ಸಾಸಿನ ಕಾಯದೆಯಲ್ಲಿಯೇ ಅದಕ್ಕೆ ಆಸ್ಪದವಿರುವಾಗ ಬೇರೆಯವರಿಗೆ ಅದು ಕಠಿಣವಾಗಲಾರದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವು ಇಷ್ಟು. ಅಂಗಡಿಕಾರನಿಗೆ ತನ್ನ ಹೊಸ್ತಿಲಲ್ಲಿ ಆಯುಧವನ್ನು ತಡೆಯುವ ಹಕ್ಕಿದೆ, ಇರಲೂಬೇಕು. ಅದನ್ನು ಅವನು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದು ಹೇಳಲಿ; ಹೇಳಿದ್ದನ್ನು ಬಡವ ಬಲ್ಲಿದ, ಬಿಳಿಯ ಕರಿಯ ಎನ್ನದೆ ಎಲ್ಲರಿಗೂ ಒಂದೇ ಸಮನಾಗಿ ನಡೆಸಲಿ; ನಡೆಸುವ ಕಷ್ಟವನ್ನು ತನ್ನ ಕೂಲಿಕಾರರ ಮೇಲೆ ನೂಕದಿರಲಿ. ಸರಕಾರವು ಅವನ ಕೈಯನ್ನು ಹಿಡಿದೆಳೆಯದಿರಲಿ, ಅವನು ಕೂಗಿದಾಗ ಓಡಿಬರಲಿ.

ಶಾಲೆಗಳಲ್ಲಿ ಪೌರನೀತಿಯನ್ನು ಕಲಿಸುವ ನಮ್ಮ ಉಪಾಧ್ಯಾಯ ಬಂಧುಗಳು ಹಕ್ಕುಗಳ ಪಟ್ಟಿಯನ್ನು ಹುಡುಗರಿಂದ ಬಾಯಿಪಾಠ ಮಾಡಿಸುವಾಗ ಈ ದೂರದೇಶದ ಉದಾಹರಣೆಯನ್ನೂ ಒಮ್ಮೆ ಹೇಳಿದರೆ ಒಳ್ಳೆಯದು. ಹಕ್ಕೆಂಬುದು ಸರಕಾರದ ಎದುರಿಗೆ ಹಿಡಿಯುವ ಗುರಾಣಿ. ನೆರೆಯವನ ಎದೆಗೆ ಚಾಚುವ ಈಟಿಯಲ್ಲ. ಬೀದಿಯಲ್ಲಿ ನನ್ನನ್ನು ತಡೆಯಬೇಡವೆಂದು ಸರಕಾರಕ್ಕೆ ಹೇಳುವ ಮನುಷ್ಯನೇ ಮತ್ತೊಬ್ಬನ ಹೊಸ್ತಿಲಿನ ಮುಂದೆ ನಿಂತು 'ಒಳಗೆ ಬರಲೆ?' ಎಂದು ಕೇಳುವದನ್ನು ಕಲಿತರೆ ಅವನ ಹಕ್ಕಿಗೆ ಕುಂದು ಬರುವದಿಲ್ಲ. ಒಳಗಿನವನು 'ಬಾ, ಆದರೆ ಅದನ್ನು ಹೊರಗಿಟ್ಟು ಬಾ' ಎಂದರೆ ಹಾಗೆ ಇಟ್ಟುಬರುವದರಲ್ಲಿ ಅವನ ಪೌರುಷಕ್ಕೂ ಕೊರತೆಯಾಗುವದಿಲ್ಲ.